ಮುಂದಿನ ಶಾಕಪ್ಪಿಗೆ ಯಾವ ಎಣ್ಣೆ?

ಮೋಟಾರು ಸೈಕಲ್ ಇರುವ ಮನೆಗಳಲ್ಲಿ ಎಂಜಿನ್ ಎಣ್ಣೆಯ ಮಾತಿಗೆ ಬರಗಾಲವಿಲ್ಲ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು, ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಅರ್ಥವೇ ಎಂದು ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುವುದುಂಟು. ಆದರೆ ಅದೇ ವಾಹನದಲ್ಲಿ ಇನ್ನೊಂದು ಕಡೆಯಲ್ಲಿಯೂ ಎಣ್ಣೆ ಇದೆ ಎಂಬುದು ಹಲವರಿಗೆ ನೆನಪಿರುವುದಿಲ್ಲ. ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದುಕೊಂಡಿರುವ ಕೊಳವೆಗಳನ್ನು ಕಂಪನಿಯ ಪುಸ್ತಕದಲ್ಲಿ ಫೋರ್ಕ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ಮುಂದಿನ ಶಾಕಪ್ ಎಂದೇ ಹೆಸರು. ಆ ಕೊಳವೆಗಳೊಳಗಿನ ಎಣ್ಣೆ ಸೋರಿ ಮಡ್‌ಗಾರ್ಡಿನ ಬಳಿ ಕರಿ ಜಿಡ್ಡು ಕಟ್ಟಿದಾಗಲೇ ನಮಗೆ ಅದರ ಸುದ್ದಿ. ಆಗ ಮೆಕ್ಯಾನಿಕ್ ಕೇಳುವ ಪ್ರಶ್ನೆ ಒಂದೇ: "ತೆಳು ಹಾಕಲೋ, ದಪ್ಪ ಹಾಕಲೋ?"

ಹೆಚ್ಚಿನವರು "ದಪ್ಪವೇ ಇರಲಿ, ಗಟ್ಟಿಯಾಗುತ್ತದೆ" ಎಂದು ಹೇಳಿ ಬೆಂಚಿನ ಮೇಲೆ ಕುಳಿತುಬಿಡುತ್ತಾರೆ. ಈ ಉತ್ತರ ಎಷ್ಟು ಸರಿ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ.

ನಾಂದಣಿಯ ದಾರಿಗಳು

ಉದಾಹರಣೆಗಾಗಿ ನಾವು ದೂರದ ಒಂದು ಊರನ್ನು ಆರಿಸಿಕೊಂಡಿದ್ದೇವೆ. ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ನಾಂದಣಿ. ಅಲ್ಲಿಯ ಜೈನ ಮಠದ ಆನೆಯನ್ನು 2025ರ ಜುಲೈಯಲ್ಲಿ ಗುಜರಾತಿಗೆ ಕಳುಹಿಸಿದಾಗ ಎದ್ದ ಕೋಲಾಹಲದಿಂದ ಓದುಗರಿಗೆ ಆ ಹೆಸರು ಪರಿಚಯವಾಗಿರಬಹುದು. ನಾವು ಮಲಯಾಳದ ನಡುವೆ ಕನ್ನಡ ಉಳಿಸಿಕೊಂಡಂತೆ, ಆ ಸೀಮೆಯ ಜನರು ಮರಾಠಿಯ ನಡುವೆ ಕನ್ನಡ ಉಳಿಸಿಕೊಂಡಿದ್ದಾರೆ. ಆದರೆ ಇಲ್ಲಿ ನಮಗೆ ಬೇಕಾಗಿರುವುದು ಅವರ ಭಾಷೆಯಲ್ಲ, ಅವರ ದಾರಿಗಳು.

ನಾಂದಣಿಯ ಸುತ್ತ ಕಪ್ಪು ಮಣ್ಣು, ಕಬ್ಬಿನ ಹೊಲ. ಹತ್ತಿರದಲ್ಲೇ ಕೃಷ್ಣೆ ಮತ್ತು ಪಂಚಗಂಗೆ ಹರಿದು ನರಸೋಬವಾಡಿಯಲ್ಲಿ ಕೂಡುತ್ತವೆ. ಕಬ್ಬು ಅರೆಯುವ ಕಾಲ ಬಂದರೆ ಟ್ರಾಕ್ಟರುಗಳು ಒಂದರ ಹಿಂದೆ ಒಂದರಂತೆ ಎರಡೆರಡು ಟ್ರೇಲರ್ ಎಳೆದುಕೊಂಡು ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಹೊಲದ ದಾರಿಯಲ್ಲಿ ಅವುಗಳ ಚಕ್ರ ಕೊರೆದ ಗಾಡಿಜಾಡು ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋಗುವವನಿಗೆ ಡಾಂಬರು ರಸ್ತೆ. ಅದೇ ಜಿಲ್ಲೆಯ ದಕ್ಷಿಣಕ್ಕೆ, ಹಿರಣ್ಯಕೇಶಿ ನದಿಯ ಗಡಹಿಂಗ್ಲಜ ದಾಟಿ ಅಂಬೋಲಿಯ ಕಡೆಗೆ ಹೊರಟರೆ ಘಟ್ಟದ ಇಳಿಜಾರು. ಹೀಗೆ ಒಂದೇ ಜಿಲ್ಲೆಯಲ್ಲಿ ಒಂದೇ ಬಗೆಯ ಮೋಟಾರು ಸೈಕಲಿಗೆ ಮೂರು ಬಗೆಯ ಕೆಲಸ. ಬೆಳಿಗ್ಗೆ ಎರಡು ಹಾಲಿನ ಕ್ಯಾನು, ಮಧ್ಯಾಹ್ನ ದನಕ್ಕೆ ಹಸಿ ಮೇವಿನ ಹೊರೆ, ಸಂಜೆ ಹೆಂಡತಿ ಮಕ್ಕಳು. ನಮ್ಮ ಕಡೆಯ ಮುರಕಲ್ಲಿನ ಏರು, ಅಡಿಕೆ ತೋಟದ ಕಣಿ, ಮಳೆಗಾಲದ ಹೊಂಡಗಳನ್ನು ಬಲ್ಲವರಿಗೆ ಇದೇನೂ ಹೊಸತಲ್ಲ.

ಇಂಥಲ್ಲಿ "ದಪ್ಪ ಎಣ್ಣೆ" ಎಂಬ ಒಂದೇ ಮದ್ದು ಎಲ್ಲದಕ್ಕೂ ಸಾಲುವುದೇ?

ಭಾರ ಹೊರುವುದು ಯಾರು?

ಫೋರ್ಕಿನ ಕೊಳವೆಯೊಳಗೆ ಎರಡು ಕೆಲಸಗಾರರಿದ್ದಾರೆ. ಒಬ್ಬ ಸ್ಪ್ರಿಂಗು, ಇನ್ನೊಬ್ಬ ಎಣ್ಣೆ. ಭಾರವನ್ನು ಹೊರುವವನು ಸ್ಪ್ರಿಂಗು. ಹೊಂಡಕ್ಕೆ ಬಿದ್ದಾಗ ಕುಗ್ಗಿ, ಮತ್ತೆ ಚಿಮ್ಮುವುದು ಅವನ ಸ್ವಭಾವ. ಅವನೊಬ್ಬನನ್ನೇ ಬಿಟ್ಟರೆ ಚಿಮ್ಮಿದ್ದು ನಿಲ್ಲುವುದಿಲ್ಲ. ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಆ ತೂಗಾಟಕ್ಕೆ ಕಡಿವಾಣ ಹಾಕುವುದು ಎಣ್ಣೆಯ ಕೆಲಸ. ಕೊಳವೆ ಕುಗ್ಗುವಾಗಲೂ ಚಾಚುವಾಗಲೂ ಎಣ್ಣೆ ಒಳಗಿನ ಸಣ್ಣ ತೂತುಗಳ ಮೂಲಕ ನುಗ್ಗಬೇಕಾಗುತ್ತದೆ. ನುಗ್ಗುವಾಗ ಉಂಟಾಗುವ ತಡೆಯೇ ಕಡಿವಾಣ.

ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ. ಸೂಜಿ ತೆಗೆದ ಒಂದು ಸಿರಿಂಜಿನಲ್ಲಿ ನೀರು, ಇನ್ನೊಂದರಲ್ಲಿ ಹರಳೆಣ್ಣೆ ತುಂಬಿ ಒತ್ತಲು ಹೇಳಿ. ನೀರು ಸುಲಭವಾಗಿ ಹೊರಡುತ್ತದೆ, ಹರಳೆಣ್ಣೆ ಹೆಬ್ಬೆರಳನ್ನು ನೋಯಿಸುತ್ತದೆ. ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಮೆಲ್ಲಗೆ ಒತ್ತಿದರೆ ಎರಡೂ ಹೊರಡುತ್ತವೆ. ಎಷ್ಟೇ ದಪ್ಪವಾದರೂ ಎಣ್ಣೆ ಜಾರಿಹೋಗುವುದೇ ಹೊರತು ನಿಂತು ಭಾರ ಹೊರುವುದಿಲ್ಲ. ತಡೆ ಇರುವುದು ಚಲನೆ ಇರುವಷ್ಟು ಹೊತ್ತು ಮಾತ್ರ.

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಪ್ರಶ್ನೆ ಬಗೆಹರಿಯಿತು. ಹೊರೆ ಹೇರಿದಾಗ ಮುಂಭಾಗ ಕುಸಿದು ಕೂರುವುದಾದರೆ ಅದು ಸ್ಪ್ರಿಂಗಿನ ದೋಷ. ಹಳೆಯ ಸ್ಪ್ರಿಂಗು ಸೋತು ಗಿಡ್ಡವಾಗಿರಬಹುದು. ಎಣ್ಣೆ ದಪ್ಪ ಮಾಡಿದರೆ ಅದು ಕುಸಿಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ದಪ್ಪವಾದರೆ ಏನಾಗುತ್ತದೆ?

ಸಾಮಾನ್ಯ ಮೋಟಾರು ಸೈಕಲುಗಳ ಫೋರ್ಕಿನಲ್ಲಿ ತೂತುಗಳ ಅಳತೆ ಬದಲಾಗುವುದಿಲ್ಲ. ಸಣ್ಣ ತೂತಿನಲ್ಲಿ ಎಣ್ಣೆ ರಭಸದಿಂದ ನುಗ್ಗುವಾಗ ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಬ್ರೇಕ್ ಹಿಡಿದು ಮುಂಭಾಗ ಮೆಲ್ಲಗೆ ತಗ್ಗುವಾಗ ಈ ಫೋರ್ಕುಗಳು ಸಾಕಷ್ಟು ತಡೆ ಕೊಡುವುದಿಲ್ಲ. ಚೂಪಾದ ಹೊಂಡಕ್ಕೆ ಬಡಿದಾಗ ಬೇಡದಷ್ಟು ತಡೆ ಕೊಡುತ್ತವೆ. ಬ್ರೇಕಿನ ತಗ್ಗಾಟ ಕಡಿಮೆಯಾಗಲೆಂದು ಎಣ್ಣೆ ದಪ್ಪ ಮಾಡಿದರೆ ಹೊಂಡದ ಪೆಟ್ಟು ನೇರ ಮುಂಗೈಗೆ ಬರುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಂದಣಿಯ ಗಾಡಿಜಾಡಿನಲ್ಲಿ ಒಂದು ಹೊಂಡದ ಹಿಂದೆಯೇ ಇನ್ನೊಂದು. ಮೊದಲನೆಯದರಲ್ಲಿ ಕುಗ್ಗಿದ ಫೋರ್ಕು ಎರಡನೆಯದು ಬರುವ ಮುನ್ನ ಚಾಚಿಕೊಳ್ಳಬೇಕು. ಎಣ್ಣೆ ತೀರ ದಪ್ಪವಾಗಿದ್ದರೆ ಅಷ್ಟರಲ್ಲಿ ಚಾಚಲಾಗುವುದಿಲ್ಲ. ಎರಡನೆಯದಕ್ಕೆ ಇನ್ನಷ್ಟು ಕುಗ್ಗುತ್ತದೆ, ಮೂರನೆಯದಕ್ಕೆ ಮತ್ತಷ್ಟು. ಕೊನೆಗೆ ಕುಗ್ಗಲು ಜಾಗವೇ ಇಲ್ಲದೆ ಚಕ್ರ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. "ಗಟ್ಟಿಯಾಗಿದೆ" ಎಂದು ನಾವು ಸಮಾಧಾನ ಪಡುವ ಶಾಕಪ್ಪು ನಿಜವಾಗಿ ಕೆಲಸ ನಿಲ್ಲಿಸಿರುತ್ತದೆ.

ತೀರ ತೆಳುವಾದರೂ ಅಪಾಯವೇ. ಹೊಂಡ ದಾಟಿದ ಮೇಲೆ ಹ್ಯಾಂಡಲ್ ಎರಡು ಮೂರು ಸಲ ತೂಗಿ ನಿಲ್ಲುತ್ತದೆ. ಘಟ್ಟದ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಮುಂಭಾಗ ದಡಕ್ಕನೆ ತಗ್ಗುತ್ತದೆ. ಬ್ರೇಕ್ ಹಿಡಿದಾಗ ವಾಹನದ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆದುದರಿಂದಲೇ ವಾಹನವನ್ನು ನಿಲ್ಲಿಸುವ ಹೆಚ್ಚಿನ ಕೆಲಸವನ್ನು ಮಾಡುವುದು ಮುಂದಿನ ಚಕ್ರ. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವ ನಾಡಿನಲ್ಲಿ ಇದು ಅಲ್ಪ ವಿಷಯವಲ್ಲ.

ಬಾಟಲಿಯ ಅಂಕೆ

ಈಗ ಅಂಕೆಯ ವಿಷಯ. ಫೋರ್ಕ್ ಎಣ್ಣೆಯ ಬಾಟಲಿಗಳ ಮೇಲೆ 5, 10, 15, 20 ಎಂದು ಬರೆದು ಜತೆಗೆ ಡಬ್ಲ್ಯು ಅಕ್ಷರ ಹಾಕಿರುತ್ತಾರೆ. ಇದನ್ನು ಎಣ್ಣೆಯ "ವೇಯ್ಟ್" ಎಂದು ಕರೆಯುವ ವಾಡಿಕೆಯಿಂದ ಹಲವರು ಇದು ತೂಕವೆಂದು ತಿಳಿಯುತ್ತಾರೆ. ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಸ್ನಿಗ್ಧತೆಯ, ಅಂದರೆ ಎಣ್ಣೆ ಹರಿಯಲು ಮಾಡುವ ಹಠದ ಗುರುತು. ಎಂಜಿನ್ ಎಣ್ಣೆಯ ಮೇಲೆ ಅದೇ ಡಬ್ಲ್ಯು ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅಲ್ಲಿ ಅಮೆರಿಕದ ಎಂಜಿನಿಯರುಗಳ ಸಂಘ ಎಸ್.ಎ.ಇ. ಹಾಕಿಕೊಟ್ಟ ಕಟ್ಟುನಿಟ್ಟಾದ ಅಳತೆ ಇದೆ. ಫೋರ್ಕ್ ಎಣ್ಣೆಗೆ ಅಂಥ ಕಟ್ಟುನಿಟ್ಟು ಇಲ್ಲ. ಪ್ರತಿಯೊಂದು ಕಂಪನಿಯೂ ತನಗೆ ಸರಿತೋರಿದಂತೆ ಅಂಕೆ ಹಾಕುತ್ತದೆ.

ನಿಜವಾದ ಅಳತೆ ಸೆಂಟಿಸ್ಟೋಕ್. 40 ಡಿಗ್ರಿ ಶಾಖದಲ್ಲಿ ಎಣ್ಣೆ ಎಷ್ಟು ನಿಧಾನವಾಗಿ ಹರಿಯುತ್ತದೆ ಎಂಬುದನ್ನು ಇದು ಹೇಳುತ್ತದೆ. ಅಂಕೆ ದೊಡ್ಡದಾದಷ್ಟು ಎಣ್ಣೆ ದಪ್ಪ. ಯಂತ್ರಗಳ ಎಣ್ಣೆಗೆ ಅಂತಾರಾಷ್ಟ್ರೀಯ ಶ್ರೇಣಿ ಒಂದಿದೆ: 22, 32, 46, 68, 100. ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ದಪ್ಪ. ಫೋರ್ಕ್ ಎಣ್ಣೆಯಲ್ಲಿ ಸಾಮಾನ್ಯವಾಗಿ 10 ಎಂದರೆ 32ರ ಹತ್ತಿರ, 15 ಎಂದರೆ 46ರ ಹತ್ತಿರ, 20 ಎಂದರೆ 68ರ ಹತ್ತಿರ ಇರುತ್ತದೆ. ಆದರೆ "ಸಾಮಾನ್ಯವಾಗಿ" ಎಂಬ ಮಾತನ್ನು ಗಮನಿಸಬೇಕು. 5 ಎಂದು ಬರೆದ ಎಣ್ಣೆಗಳಲ್ಲೇ ಒಂದು ಕಂಪನಿಯದು ಸುಮಾರು 16 ಸೆಂಟಿಸ್ಟೋಕ್ ಇದ್ದರೆ ಇನ್ನೊಂದರದು 26ರ ವರೆಗೂ ಇರುವುದುಂಟು. ಒಂದು ಅಂಗಡಿಯ ಸೇರಿಗೂ ಇನ್ನೊಂದು ಅಂಗಡಿಯ ಸೇರಿಗೂ ಇಷ್ಟು ಅಂತರವಿದ್ದರೆ ನಾವು ಜಗಳವಾಡದೆ ಬಿಡುತ್ತಿದ್ದೆವೇ? ಆದುದರಿಂದ ಕಂಪನಿ ಬದಲಿಸುವಾಗ ದೊಡ್ಡ ಅಕ್ಷರದ ಅಂಕೆಯನ್ನು ಬಿಟ್ಟು, ಕಂಪನಿ ಕೊಡುವ ವಿವರಪತ್ರದಲ್ಲಿ 40 ಡಿಗ್ರಿಯ ಸೆಂಟಿಸ್ಟೋಕ್ ಎಷ್ಟೆಂದು ನೋಡುವುದು ಜಾಣತನ.

ಶಾಖದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ ಎಂಬುದು ನಮ್ಮ ಮನೆಮನೆಯ ಅನುಭವ. ನಾಂದಣಿ ಕಡೆಯ ಅಡಿಗೆಮನೆಯ ಶೇಂಗಾ ಎಣ್ಣೆ ಅದೇ ಚಳಿಯಲ್ಲಿ ಹರಿಯುತ್ತಲೇ ಇರುತ್ತದೆ. ಫೋರ್ಕ್ ಎಣ್ಣೆ ಹೆಪ್ಪುಗಟ್ಟುವುದಿಲ್ಲವಾದರೂ ಚಳಿಗೆ ದಪ್ಪವಾಗುವ ಗುಣ ಅದಕ್ಕೂ ಇದೆ. 40 ಡಿಗ್ರಿಯಲ್ಲಿ 32 ಸೆಂಟಿಸ್ಟೋಕ್ ಇರುವ ಸಾಧಾರಣ ಖನಿಜ ಎಣ್ಣೆ 15 ಡಿಗ್ರಿಯಲ್ಲಿ 100 ದಾಟುತ್ತದೆ. ಘಟ್ಟದ ಮೇಲಿನ ಬಯಲಿನಲ್ಲಿ ಡಿಸೆಂಬರಿನ ಮುಂಜಾನೆ ಹಾಲು ಒಯ್ಯುವವನ ಶಾಕಪ್ಪು ಬಿರುಸಾಗಿ, ಮಧ್ಯಾಹ್ನ ಮೆತ್ತಗಾಗಿ ಕಾಣುವುದಕ್ಕೆ ಇದೇ ಕಾರಣ. ವರ್ಷವಿಡೀ ಸೆಕೆ ಇರುವ ನಮ್ಮ ಕರಾವಳಿಯಲ್ಲಿ ಈ ಏರಿಳಿತ ಕಡಿಮೆ. ಕೆಲವು ಎಣ್ಣೆಗಳು ಶಾಖಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಅಂಥವುಗಳ ವಿವರಪತ್ರದಲ್ಲಿ ಸ್ನಿಗ್ಧತಾ ಸೂಚ್ಯಂಕ ಹೆಚ್ಚಾಗಿರುತ್ತದೆ.

ಎಂಜಿನ್ ಎಣ್ಣೆ ಸುರಿಯುವ ಪದ್ಧತಿ

ಎಂಜಿನಿಗೆ ಹಾಕಿ ಉಳಿದ ಎಣ್ಣೆಯನ್ನೇ ಫೋರ್ಕಿಗೂ ಸುರಿಯುವ ಪದ್ಧತಿ ಹಲವು ಕಡೆಗಳಲ್ಲಿದೆ. ಇದಕ್ಕೂ ಒಂದು ಚರಿತ್ರೆ ಇದೆ. ಎಣ್ಣೆಯಿಂದ ಕಡಿವಾಣ ಹಾಕಿದ ಕೊಳವೆ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1935ರಲ್ಲಿ ತನ್ನ ಆರ್ 12, ಆರ್ 17 ಮೋಟಾರು ಸೈಕಲುಗಳಲ್ಲಿ ಮಾರಾಟಕ್ಕೆ ತಂದಿತು. ಮುಂದೆ ಇಂಗ್ಲೆಂಡಿನ ಕಂಪನಿಗಳೂ ಅದನ್ನು ಅಳವಡಿಸಿಕೊಂಡವು. ಆ ಕಾಲದ ಹಲವು ಇಂಗ್ಲಿಷ್ ಮೋಟಾರು ಸೈಕಲುಗಳ ಪುಸ್ತಕಗಳು ಎಂಜಿನ್ ಎಣ್ಣೆಯನ್ನೇ ಫೋರ್ಕಿಗೆ ಹಾಕುವಂತೆ ಹೇಳುತ್ತಿದ್ದವು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್, 1961ರಲ್ಲಿ ನಮ್ಮ ಮೈಸೂರಿನಲ್ಲಿ ಜಾವಾ ತಯಾರಾಗತೊಡಗಿದವು. ಐಡಿಯಲ್ ಜಾವಾ ಕಾರ್ಖಾನೆ ಯೆಜ್ದಿ ಎಂಬ ಹೆಸರಿನಲ್ಲಿ ಮುಂದುವರಿದು 1996ರಲ್ಲಿ ಮುಚ್ಚಿತು. ಅಂಥ ಹಳೆಯ ವಾಹನಗಳ ಮೇಲೆ ಕೈ ಪಳಗಿದ ಗುರುವಿನಿಂದ ಶಿಷ್ಯನಿಗೆ ದಾಟಿಬಂದ ವಿದ್ಯೆ ಇದು. ಆ ಕಾಲಕ್ಕೆ, ಆ ವಾಹನಕ್ಕೆ ಸರಿಯಾಗಿದ್ದಿರಬಹುದು.

ಇಂದಿನ ವಾಹನಗಳ ಮಾತು ಬೇರೆ. ಪೇಟೆಯಲ್ಲಿ ಸಿಗುವ 20-40 ಎಂಜಿನ್ ಎಣ್ಣೆ 40 ಡಿಗ್ರಿಯಲ್ಲಿ ಸುಮಾರು 110ರಿಂದ 130 ಸೆಂಟಿಸ್ಟೋಕ್ ಇರುತ್ತದೆ. ಅಂದರೆ 10ರ ಫೋರ್ಕ್ ಎಣ್ಣೆಗಿಂತ ಮೂರೂವರೆ, ನಾಲ್ಕು ಪಟ್ಟು ದಪ್ಪ. ತೆಳು ಎಣ್ಣೆಗೆಂದು ಕೊರೆದ ತೂತಿನಲ್ಲಿ ಇದನ್ನು ನುಗ್ಗಿಸುವುದೆಂದರೆ ಶ್ಯಾವಿಗೆ ಒರಳಿನಲ್ಲಿ ಗಟ್ಟಿ ಹಿಟ್ಟು ಹಾಕಿ ತಿರುಗಿಸಿದಂತೆ. ಮೊದಲ ದಿನ "ಆಹಾ, ಗಟ್ಟಿಯಾಯಿತು" ಎನಿಸುವುದು ನಿಜ. ಹೊಂಡದ ಹಿಂದೆ ಹೊಂಡ ಬಂದಾಗ ಅದರ ಫಲ ತಿಳಿಯುತ್ತದೆ.

ಹಾಗಾದರೆ ಆರಿಸುವುದು ಹೇಗೆ?

ಮೊದಲನೆಯದಾಗಿ, ವಾಹನದ ಜತೆಗೆ ಬಂದ ಪುಸ್ತಕ. ಎಣ್ಣೆಯ ದರ್ಜೆ ಮತ್ತು ಒಂದೊಂದು ಕೊಳವೆಗೆ ಎಷ್ಟು ಮಿಲಿಲೀಟರ್ ಎಂಬುದು ಅದರಲ್ಲೋ ಸರ್ವಿಸ್ ಪುಸ್ತಕದಲ್ಲೋ ಇರುತ್ತದೆ. ಪುಸ್ತಕ ಕಳೆದುಹೋಗಿದ್ದರೆ ಆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಬಹುದು. ಪುಸ್ತಕದ ಅಂಕೆಯಿಂದಲೇ ಆರಂಭಿಸಬೇಕು. ತೂತಿನ ಅಳತೆ ಬಲ್ಲವರು ಹೇಳಿದ ಅಂಕೆ ಅದು.

ಎರಡನೆಯದಾಗಿ, ಸ್ಪ್ರಿಂಗಿನ ಪರೀಕ್ಷೆ. ಫೋರ್ಕಿನ ಹೊಳೆಯುವ ಕೊಳವೆಗೆ ತೆಳುವಾದ ದಾರವೊಂದನ್ನು ಬಿಗಿಯಾಗಿ ಸುತ್ತಿ ಕೆಳಗಿನ ಸೀಲಿಗೆ ತಾಗುವಂತೆ ಇಳಿಸಿ. ಇಬ್ಬರು ಸೇರಿ ಮುಂಭಾಗವನ್ನು ಎತ್ತಿ ಫೋರ್ಕನ್ನು ಪೂರ್ತಿ ಚಾಚಿದಾಗ ಹೀಗೆ ಮಾಡಬೇಕು. ಬಳಿಕ ಮೆಲ್ಲಗೆ ಇಳಿಸಿ, ಸವಾರ ಎಂದಿನ ಹೊರೆಯೊಂದಿಗೆ ಕುಳಿತು ಮೆಲ್ಲಗೆ ಇಳಿಯಲಿ. ದಾರ ಎಷ್ಟು ಮೇಲೇರಿತೋ ಅಷ್ಟು ಫೋರ್ಕು ತಗ್ಗಿತೆಂದು ಲೆಕ್ಕ. ಒಟ್ಟು ಚಲನೆಯ ಕಾಲು ಭಾಗದಿಂದ ಮೂರರಲ್ಲಿ ಒಂದು ಭಾಗದಷ್ಟು ಇದ್ದರೆ ಸರಿ. ಒಟ್ಟು 125 ಮಿಲಿಮೀಟರ್ ಇದ್ದರೆ 30ರಿಂದ 40. ಅದಕ್ಕಿಂತ ಬಹಳ ಹೆಚ್ಚು ತಗ್ಗಿದರೆ ಸ್ಪ್ರಿಂಗು ಬದಲಿಸುವ ಯೋಚನೆ ಮಾಡಬೇಕು. ಎಣ್ಣೆಗೆ ಕೈ ಹಾಕಬಾರದು.

ಮೂರನೆಯದಾಗಿ, ಸ್ಪ್ರಿಂಗು ಸರಿಯಾಗಿದ್ದೂ ಹೊಸ ಎಣ್ಣೆ ಹಾಕಿದ ಮೇಲೂ ಮುಂಭಾಗ ತೂಗಾಡುತ್ತಿದ್ದರೆ ಒಂದು ಮೆಟ್ಟಿಲು ಮೇಲೆ, ಪೆಟ್ಟು ಕೈಗೆ ಬರುತ್ತಿದ್ದರೆ ಒಂದು ಮೆಟ್ಟಿಲು ಕೆಳಗೆ. ಒಂದೇ ಮೆಟ್ಟಿಲು. 10ಕ್ಕೂ 15ಕ್ಕೂ ನಡುವಿನದು ಬೇಕೆಂದಿದ್ದರೆ ಅದೇ ಕಂಪನಿಯ ಎರಡನ್ನೂ ಸಮಸಮ ಬೆರೆಸಿದರೆ 12ರ ಆಸುಪಾಸಿನದು ದೊರೆಯುತ್ತದೆ. ಬದಲಿಸಿದ ಮೇಲೆ ದಿನವೂ ಹೋಗುವ ಅದೇ ದಾರಿಯಲ್ಲಿ, ಅದೇ ಹೊರೆಯೊಂದಿಗೆ ಪರೀಕ್ಷಿಸಬೇಕು. ಎರಡು ಬದಲಾವಣೆಗಳನ್ನು ಒಮ್ಮೆಲೇ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಇಚಲಕರಂಜಿಗೆ ಡಾಂಬರಿನಲ್ಲಿ ಒಬ್ಬನೇ ಹೋಗುವವನಿಗೂ ಹೊಲದ ಜಾಡಿನಲ್ಲಿ ಹೊರೆ ಹೊತ್ತು ಬರುವವನಿಗೂ ಒಂದೇ ಉತ್ತರ ಬರಬೇಕಾಗಿಲ್ಲ.

ನಾಲ್ಕನೆಯದಾಗಿ, ಮಟ್ಟ. ಇದು ದರ್ಜೆಯಷ್ಟೇ ಮುಖ್ಯ. ಎಣ್ಣೆಯ ಮೇಲೆ ಕೊಳವೆಯಲ್ಲಿ ಉಳಿಯುವ ಗಾಳಿ ತಾನೂ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಎಣ್ಣೆ ಹೆಚ್ಚಾದರೆ ಗಾಳಿಗೆ ಜಾಗ ಕಡಿಮೆಯಾಗಿ, ಫೋರ್ಕು ಪೂರ್ತಿ ಕುಗ್ಗುವಾಗ ಒತ್ತಡ ಏರಿ ಸೀಲು ಒಡೆಯುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆಗಲೇಬಾರದು. ಬರಿದೇ ಬಸಿದು ಹಾಕುವಾಗ ಹಳೆಯದು ಸ್ವಲ್ಪ ಒಳಗೆ ಉಳಿಯುವುದರಿಂದ ಬೇಕಾಗುವ ಅಳತೆ ಕಡಿಮೆ. ಪೂರ್ತಿ ಬಿಚ್ಚಿ ತೊಳೆದಾಗ ಹೆಚ್ಚು. ಹೊಸ ಎಣ್ಣೆ ಹಾಕಿದ ಮೇಲೆ ಫೋರ್ಕನ್ನು ಹಲವು ಸಲ ಕುಗ್ಗಿಸಿ ಚಾಚಿ ಗುಳ್ಳೆಗಳನ್ನು ಹೊರಡಿಸಬೇಕು. ಕಣ್ಣಂದಾಜಿಗೆ ಬಿಡದೆ, ಔಷಧಿ ಬಾಟಲಿಯ ಅಳತೆ ಮುಚ್ಚಳವಾದರೂ ಸರಿ, ಅಳೆದೇ ಹಾಕಿಸಬೇಕು. ತಲೆಕೆಳಗಾದ ಫೋರ್ಕು, ಹೊರಗಿನಿಂದ ತಿರುಗಿಸುವ ತಿರುಪು ಇರುವ ಹೊಸ ಬಗೆಯ ದುಬಾರಿ ವಾಹನಗಳಿಗೆ ಈ ಪ್ರಯೋಗ ಬೇಡ. ಅವುಗಳಿಗೆ ಪುಸ್ತಕದಲ್ಲಿದ್ದುದೇ ವೇದ.

ನೆರೆ ನೀರು ಹೊಕ್ಕರೆ

2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ, ಪಂಚಗಂಗೆಗಳು ಉಕ್ಕಿ ಶಿರೋಳ ತಾಲೂಕಿನ ಊರೂರುಗಳಿಗೆ ನೀರು ನುಗ್ಗಿತು. ಅಂಥ ನೆರೆಯಲ್ಲಿ ಮುಳುಗಿದ ಮೋಟಾರು ಸೈಕಲಿನ ಎಂಜಿನ್ ಎಣ್ಣೆಯನ್ನು ಎಲ್ಲರೂ ಬದಲಿಸುತ್ತಾರೆ. ಫೋರ್ಕಿನದನ್ನು ಮರೆಯುತ್ತಾರೆ. ಸವೆದ ಸೀಲಿನ ಅಂಚಿನಿಂದ ನೀರೂ ಮಣ್ಣೂ ಒಳಹೊಕ್ಕು ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದಕ್ಕೆ ಯಾವ ಅಂಕೆಯೂ ಅನ್ವಯಿಸದು. ಒಳಗಿನ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ತುಕ್ಕಿನ ಪುಡಿ ಸೀಲನ್ನು ಕೊರೆಯುತ್ತದೆ. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ಬರುವುದನ್ನು ಕಂಡಿರುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಚಕ್ರದ ಗುಂಬ ಮುಳುಗುವಷ್ಟು ನೀರಿನಲ್ಲಿ ವಾಹನ ನಿಂತಿದ್ದರೆ ಎರಡೂ ಕೊಳವೆಗಳನ್ನು ಬಸಿದು ನೋಡಿಸುವುದು ಒಳ್ಳೆಯದು.

ಸೀಲು ಸೋರುತ್ತಿದ್ದರೆ ಇನ್ನೂ ಅವಸರ. ಕೊಳವೆಯಿಂದ ಇಳಿದ ಎಣ್ಣೆ ಬ್ರೇಕಿನ ಡಿಸ್ಕಿಗೋ ಲೈನರಿಗೋ ತಾಗಿದರೆ ಮುಂದಿನ ಬ್ರೇಕು ಹಿಡಿಯುವುದಿಲ್ಲ. ಬಸಿದ ಹಳೆಯ ಎಣ್ಣೆಯನ್ನು ಬಾವಿಯ ಬಳಿಯೋ ತೋಟದ ಕಣಿಗೋ ಸುರಿಯದೆ, ಗ್ಯಾರೇಜಿನವರ ಹಳೆ ಎಣ್ಣೆಯ ಡಬ್ಬಕ್ಕೆ ಸೇರಿಸಬೇಕು.

ಇಷ್ಟೆಲ್ಲ ತೊಂದರೆ ಯಾಕೆ, ಮೆಕ್ಯಾನಿಕ್ ಹಾಕಿದ್ದೇ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಮೆಕ್ಯಾನಿಕ್ಕಿನ ಕೈ ನಮಗಿಂತ ಪಳಗಿದ್ದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ವಾಹನ ದಿನವೂ ಯಾವ ದಾರಿಯಲ್ಲಿ ಹೋಗುತ್ತದೆ, ಅದರ ಮೇಲೆ ಎಷ್ಟು ಜನ ಕೂರುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲ, ನಾವು ಹೇಳಬೇಕು. ಫೋರ್ಕ್ ಎಣ್ಣೆಗೆ ತಗಲುವುದು ಕೆಲವು ನೂರು ರೂಪಾಯಿ, ಅದೂ ವರ್ಷಗಳಿಗೊಮ್ಮೆ. ಮುಂದಿನ ಸಲ "ತೆಳುವೋ ದಪ್ಪವೋ" ಎಂದು ಕೇಳಿದಾಗ, "ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟು, ಎರಡೂ ಕಡೆಗೆ ಅಳೆದು ಹಾಕಿ" ಎಂದು ಹೇಳಿದರೆ ಸಾಕು. ಉಳಿದುದನ್ನು ದಾರಿಯೇ ತಿಳಿಸಿಕೊಡುತ್ತದೆ.